ಕಾಪಿಯರ್ ಏಳಲು ಹನ್ನೊಂದು ನಿಮಿಷ

ಪೂರ್ತಿ ಕೆಟ್ಟು ನಿಂತ ಯಂತ್ರವನ್ನು ರಿಪೇರಿ ಮಾಡುವುದು ಸುಲಭ. ಕಾಗದ ಎಳೆಯದಿದ್ದರೆ ರೋಲರ್ ಸವೆದಿದೆ, ಪ್ರತಿಯ ಮೇಲೆ ಕಪ್ಪು ಗೆರೆ ಬಂದರೆ ಡ್ರಮ್ಮಿಗೆ ಗೀರು ಬಿದ್ದಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ಎಲ್ಲ ಕೆಲಸವನ್ನೂ ಸರಿಯಾಗಿ ಮಾಡುತ್ತ, ಬೆಳಗ್ಗೆ ಏಳುವುದಕ್ಕೆ ಮಾತ್ರ ಹಟ ಹಿಡಿಯುವ ಯಂತ್ರ ಬಲು ತಲೆನೋವು. ಅಂಥದೊಂದು ಕಾಪಿಯರ್ ಬಗ್ಗೆ ಕ್ರೋಯ್ಡನ್‌ನಿಂದ ಫೋನ್ ಬಂದಾಗ ನಾನು ಗ್ರೀನ್‌ಫರ್ಡಿನ ನಮ್ಮ ಶೆಡ್ಡಿನಲ್ಲಿ ಇನ್ನೊಂದು ಯಂತ್ರದ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ಕೂತಿದ್ದೆ.

“ಸ್ವಿಚ್ ಹಾಕಿದ್ಮೇಲೆ ರೆಡಿ ಆಗೋಕೆ ಹನ್ನೊಂದು ನಿಮಿಷ. ನಾನೇ ಟೈಮರ್ ಇಟ್ಟು ನೋಡಿದೀನಿ,” ಎಂದರು ಆ ಕಚೇರಿಯ ಮುಖ್ಯಸ್ಥೆ. ಬೆಂಗಳೂರಿನವರು, ವೀಸಾ ಕೇಸುಗಳನ್ನು ನಡೆಸುವ ವಕೀಲೆ. “ಒಂದು ನಿಮಿಷ ಸಾಕು ಅಂತ ನೀವೇ ಹೇಳಿದ್ರಿ. ನಮ್ಗೆ ಬೆಳಗ್ಗೆ ಹೊತ್ತೇ ಮುಖ್ಯ. ಹತ್ತು ಗಂಟೆ ಹಿಯರಿಂಗ್ ಅಂದ್ರೆ ಒಂಬತ್ತಕ್ಕೆಲ್ಲ ಕೇಸಿನ ಕಾಗದದ ಬಂಡಲ್ ಕೈಲಿರ್ಬೇಕು.”

ಹೇಳಿದ್ದು ನಾನೇ, ನಿಜ. ಕ್ಯಾನರಿ ವಾರ್ಫಿನ ದೊಡ್ಡ ಆಫೀಸುಗಳು ಮೂರು ನಾಲ್ಕು ವರ್ಷ ಬಳಸಿ ಹೊರಹಾಕುವ ಕಾಪಿಯರ್‌ಗಳನ್ನು ನಮ್ಮ ಮಾಲೀಕರು ಲಾಟುಗಟ್ಟಲೆ ತರುತ್ತಾರೆ. ನಾನು ಅವನ್ನು ಬಿಚ್ಚಿ, ಒರೆಸಿ, ಸವೆದ ಭಾಗ ಬದಲಿಸಿ, ಪರೀಕ್ಷೆ ಮಾಡಿ ಸಣ್ಣ ಕಚೇರಿಗಳಿಗೆ ಕಳಿಸುತ್ತೇನೆ. ಈ ಯಂತ್ರವನ್ನು ಸಿದ್ಧಪಡಿಸಿದ್ದು, ಆರು ವಾರದ ಹಿಂದೆ ವ್ಯಾನಿನಲ್ಲಿ ಒಯ್ದು ಅವರ ಕಚೇರಿಯ ಮೂಲೆಯಲ್ಲಿ ಕೂರಿಸಿ ಬಂದದ್ದು ಎರಡೂ ನಾನೇ. ಹಾಗಾಗಿ ಫೋನ್ ಇಡುವ ಮೊದಲೇ ತಪ್ಪು ಅವರ ಕಡೆಯದ್ದೇ ಇರಬೇಕೆಂದು ನನ್ನ ಮನಸ್ಸು ತೀರ್ಮಾನಿಸಿಯಾಗಿತ್ತು.

ಮರುದಿನ ಹನ್ನೊಂದರ ಹೊತ್ತಿಗೆ ಹೋದೆ. ಟ್ರ್ಯಾಮ್ ಸ್ಟಾಪಿನ ಎದುರಿನ ಕಟ್ಟಡ, ಮೂರನೇ ಮಹಡಿ, ಒಟ್ಟು ಐದು ಮಂದಿ. ಬಾಗಿಲ ಬಳಿಯ ಮೇಜಿನಲ್ಲಿ ಕೂರುವವರು ಅರವತ್ತು ದಾಟಿದ ಒಬ್ಬ ಹೆಂಗಸು. ಧಾರವಾಡದವರು. ಯಜಮಾನರು ಇಲ್ಲಿನ ಆಸ್ಪತ್ರೆಗಳಲ್ಲಿ ಡಾಕ್ಟರಾಗಿದ್ದು ನಿವೃತ್ತರಾದವರು. ಮಕ್ಕಳು, ಮನೆ, ಅಡುಗೆ ಎಂದು ಮೂವತ್ತು ವರ್ಷ ಕಳೆದ ಮೇಲೆ ಈಕೆ ಹಿಡಿದ ಮೊದಲ ನೌಕರಿ ಇದು. ಯಂತ್ರ ಇಳಿಸಲು ಹೋದ ದಿನವೇ ನಾನು ಹುಬ್ಬಳ್ಳಿಯವನೆಂದು ತಿಳಿದು ‘ನೀವು’ ಬಿಟ್ಟು ‘ನೀ’ ಎನ್ನತೊಡಗಿದ್ದರು. ನಾನು ಚಿಕ್ಕಮ್ಮನನ್ನು ಕರೆಯುವಂತೆ ಕಾಕೂ ಎಂದು ಕರೆಯುತ್ತಿದ್ದೆ.

“ಬಾ ತಮ್ಮಾ. ನಿನ್ನ ಮಷಿನ್ ಮುಂಜಾನೆ ಭಾಳ ಕಾಡತದ ನೋಡು,” ಎಂದರು. “ನಾ ಎಂಟಕ್ಕ ಬಂದು ಬಾಗಲಾ ತಗದು ಮೊದಲ ಅದನ್ನ ಹಚ್ಚತೀನಿ. ಚಹಾಕ್ಕ ನೀರ ಇಟ್ಟು, ಪೋಸ್ಟ್ ನೋಡಿ ಬಂದ್ರೂ ಅದು ‘ದಯವಿಟ್ಟು ಕಾಯಿರಿ’ ಅಂತನ ಇರ್ತದ.”

ಕಚೇರಿಯ ಬೀಗದ ಕೈ ಅವರ ಹತ್ತಿರವಿತ್ತು. ಬೆಳಗ್ಗೆ ತೆರೆಯುವವರೂ ಸಂಜೆ ಮುಚ್ಚುವವರೂ ಅವರೇ. ಆ ಕೀಲಿಯನ್ನು ಮನೆಯ ಕೀಲಿಗಳ ಜೊತೆ ಒಂದೇ ರಿಂಗಿನಲ್ಲಿ ಹಾಕಿ ಸೊಂಟದ ಹತ್ತಿರ ಸಿಕ್ಕಿಸಿಕೊಂಡಿರುತ್ತಿದ್ದರು. ಐದು ಮಂದಿಯಲ್ಲಿ ತನ್ನನ್ನೇ ನಂಬಿ ಕೊಟ್ಟಿದ್ದಾರೆಂದು ಮೊದಲ ದಿನವೇ ನನಗೆ ಹೇಳಿಕೊಂಡಿದ್ದರು.

ಕಾಪಿಯರ್ ಏಳುವಾಗ ಒಳಗೆ ಒಂದರ ಹಿಂದೊಂದು ಕೆಲಸ ನಡೆಯುತ್ತದೆ. ಮೊದಲು ಒಳಗಿನ ಕಂಪ್ಯೂಟರ್ ಏಳಬೇಕು, ಅದು ತನ್ನ ಹಾರ್ಡ್ ಡಿಸ್ಕ್ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಆಮೇಲೆ ಫ್ಯೂಸರ್ ಕಾಯಬೇಕು. ಪುಡಿಶಾಯಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಬಿಸಿ ರೋಲರ್ ಅದು. ಕೊನೆಗೆ ಬಣ್ಣದ ಹದ ನೋಡಿಕೊಂಡು ‘ಸಿದ್ಧ’ ಎನ್ನುತ್ತದೆ. ಹಳೇ ಯಂತ್ರ ತಡವಾಗಿ ಏಳುತ್ತದೆಂದರೆ ಹತ್ತರಲ್ಲಿ ಎಂಟು ಸಲ ಫ್ಯೂಸರ್ ಬಿಸಿಯಾಗಲು ಒದ್ದಾಡುತ್ತಿರುತ್ತದೆ. ಆಫ್ ಮಾಡಿ, ಆನ್ ಮಾಡಿ, ಗಡಿಯಾರ ಹಿಡಿದು ನಿಂತೆ. ಹನ್ನೊಂದು ನಿಮಿಷ ಹತ್ತು ಸೆಕೆಂಡು. ಹೆಚ್ಚು ಯೋಚಿಸದೆ ವ್ಯಾನಿನಲ್ಲಿದ್ದ ಬೇರೆ ಫ್ಯೂಸರ್ ತಂದು ಹಾಕಿದೆ. ಮತ್ತೆ ಗಡಿಯಾರ ಹಿಡಿದೆ. ಹನ್ನೊಂದು ನಿಮಿಷ ಐದು ಸೆಕೆಂಡು.

ಅಲ್ಲೇ ನಿಂತು ಎಲ್ಲಿ ತಡವಾಗುತ್ತಿದೆ ಎಂದು ಹಂತ ಹಂತವಾಗಿ ಅಳೆದಿದ್ದರೆ ಅರ್ಧ ಕಥೆ ಅಂದೇ ಮುಗಿಯುತ್ತಿತ್ತು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಪಾರ್ಕಿಂಗ್ ಸಮಯ ಮುಗಿಯುತ್ತ ಬಂದಿತ್ತು, ಅಲ್ಲದೆ ನನ್ನ ಯಂತ್ರದ ಮೇಲೆ ನನಗಿದ್ದ ಹಮ್ಮು ಸಣ್ಣದಲ್ಲ. “ಭಾಗ ಬದಲಿಸಿದೀನಿ ಮೇಡಂ, ಎರಡು ದಿನ ನೋಡಿ,” ಎಂದು ಹೇಳಿ ಹೊರಟೆ. ಏನೂ ಸುಧಾರಿಸಿಲ್ಲ ಎಂಬುದು ಹೊರಡುವಾಗಲೇ ನನಗೆ ಗೊತ್ತಿತ್ತು.

ಎರಡನೆಯ ಸಲ ಕರೆ ಬಂದಾಗ ಮುಖ್ಯಸ್ಥೆಯ ದನಿ ಬೇರೆಯಿತ್ತು. ಅಂದು ಬೆಳಗ್ಗೆ ಒಂದು ಕುಟುಂಬದ ಹಿಯರಿಂಗ್ ಇತ್ತಂತೆ. ಕೊನೇ ಗಳಿಗೆಯಲ್ಲಿ ಬಂದ ಕಾಗದಗಳನ್ನು ಸೇರಿಸಿ ಮೂರು ಪ್ರತಿ ತೆಗೆಯಬೇಕಾಗಿತ್ತು. ಯಂತ್ರ ಏಳುವಷ್ಟರಲ್ಲಿ ಟ್ರೇನು ತಪ್ಪಿ, ಇವರು ತಡವಾಗಿ ತಲುಪಿ, ನ್ಯಾಯಾಧೀಶರಿಂದ ಮಾತು ಕೇಳಬೇಕಾಯಿತಂತೆ. “ನಾಳೆ ಕಾರಣ ಸಿಗ್ಲೇಬೇಕು,” ಎಂದರು.

ಮರುದಿನ ಎಂಟೂವರೆಗೆಲ್ಲ ಹೋದೆ. ನೆಟ್‌ವರ್ಕ್ ವಯರ್ ಕಿತ್ತು ಆನ್ ಮಾಡಿ ನೋಡಿದೆ. ಕೆಲವು ಯಂತ್ರಗಳು ಏಳುವಾಗ ಆಫೀಸಿನ ಸರ್ವರ್ ಹುಡುಕುತ್ತ ಕಾಲ ಕಳೆಯುತ್ತವೆ. ಇದು ಹಾಗೇನೂ ಇರಲಿಲ್ಲ. ಮೆಮೊರಿ ಕಾರ್ಡು ತೆಗೆದು ಒರೆಸಿ ಮತ್ತೆ ಕೂರಿಸಿದೆ. ಸರ್ವಿಸ್ ಮೆನುವಿನಲ್ಲಿ ದೋಷಗಳ ಪಟ್ಟಿ ತೆಗೆದೆ, ಖಾಲಿ. ಒಂದೂವರೆ ಗಂಟೆ ಕಳೆದಿತ್ತು. ಐದೂ ಮಂದಿ ತಮ್ಮ ತಮ್ಮ ಮೇಜಿನಿಂದ ನನ್ನ ಬೆನ್ನನ್ನೇ ನೋಡುತ್ತಿದ್ದಾರೆ ಅನ್ನಿಸತೊಡಗಿತು. ಆಗ ಯಂತ್ರದ ಹಿಂದೆ ಬಗ್ಗಿದವನಿಗೆ ಗೋಡೆಯ ಸ್ವಿಚ್ ಕಣ್ಣಿಗೆ ಬಿತ್ತು. ಅದರ ಮೇಲೊಂದು ಸಣ್ಣ ಕೆಂಪು ಚೀಟಿ ಅಂಟಿಸಿತ್ತು, ಕನ್ನಡದಲ್ಲಿ ‘ಸಂಜೆ’ ಎಂದು ಬರೆದಿತ್ತು.

ಕಾಕೂ ಅವರನ್ನು ಕರೆದು ಕೇಳಿದೆ. “ಕಾಕೂ, ಸಂಜಿಕೆ ಹೋಗೂಮುಂದ ಈ ಗ್ವಾಡಿ ಸ್ವಿಚ್ ಯಾರು ಬಂದ್ ಮಾಡ್ತಾರ್ರೀ?”

“ನಾನ ಮಾಡ್ತೀನಿ ತಮ್ಮಾ. ಒಂದ ದಿನಾನೂ ತಪ್ಪಿಸಿಲ್ಲ,” ಎಂದರು. ಹೆಮ್ಮೆಯಿಂದಲೇ ಹೇಳಿದರು.

ನನಗೆ ಅಷ್ಟೇ ಸಾಕಾಗಿತ್ತು. ನಮ್ಮ ಅವ್ವ ಹುಬ್ಬಳ್ಳಿಯ ಮನೆಯಲ್ಲಿ ಹೊರಗೆ ಹೋಗುವಾಗ ಒಂದೊಂದು ಕೋಣೆಗೂ ನುಗ್ಗಿ ಟಿವಿ, ಮಿಕ್ಸಿ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚುಗಳನ್ನೆಲ್ಲ ಟಪಟಪನೆ ಆರಿಸುತ್ತ ಬರುವುದು ಕಣ್ಣ ಮುಂದೆ ಬಂತು. ಕಾಪಿಯರ್ ಹಾಗೆ ಆರಿಸುವ ವಸ್ತುವಲ್ಲ. ಮೊದಲು ಮುಖದ ಮೇಲಿನ ಗುಂಡಿಯನ್ನು ಒತ್ತಿ ಹಿಡಿಯಬೇಕು, ಹಸಿರು ದೀಪ ಆರುವವರೆಗೆ ಒಂದೆರಡು ನಿಮಿಷ ಕಾಯಬೇಕು, ಆಮೇಲೆ ಮುಂದಿನ ಬಾಗಿಲು ತೆರೆದು ಮುಖ್ಯ ಸ್ವಿಚ್ ಆರಿಸಬೇಕು, ಗೋಡೆಯ ಸ್ವಿಚ್ ಕೊನೆಗೆ. ನೇರವಾಗಿ ಕರೆಂಟ್ ಕಿತ್ತರೆ ತಿರುಗುತ್ತಿರುವ ಡಿಸ್ಕಿಗೆ ಪೆಟ್ಟು. ದಿನಾ ಹಾಗೆ ಮಾಡಿದರೆ ಡಿಸ್ಕಿನ ಕೆಲವು ಜಾಗಗಳನ್ನು ಓದಲಾಗದೆ ಯಂತ್ರ ಮತ್ತೆ ಮತ್ತೆ ಪ್ರಯತ್ನಿಸುತ್ತ ಕೂರುತ್ತದೆ. ತಡವಾಗುವುದು ಅದಕ್ಕೇ ಎಂದು ನನಗೆ ಹೊಳೆಯಿತು. ಡಿಸ್ಕಿನ ವಿಷಯದಲ್ಲಿ ನನ್ನ ಊಹೆ ಸರಿಯಾಗಿಯೇ ಇತ್ತು.

ಗೋಡೆಯ ಸ್ವಿಚ್ಚಿಗೆ ಮೊದಲು ಇನ್ನೇನು ಮಾಡುತ್ತೀರಿ ಎಂದು ಒಂದು ಮಾತು ಕೇಳಬೇಕಾಗಿತ್ತು. ಒಬ್ಬ ಇಂಗ್ಲಿಷ್ ಗುಮಾಸ್ತೆ ಅಲ್ಲಿದ್ದಿದ್ದರೆ ಖಂಡಿತ ಕೇಳುತ್ತಿದ್ದೆ. ನಮ್ಮ ಕಡೆಯ ಹೆಂಗಸು, ಕಾಕೂ, ಇವರೇನು ಮಾಡುತ್ತಾರೆಂದು ನನಗೆ ಗೊತ್ತಿಲ್ಲವೇ ಎಂದುಕೊಂಡೆ. ಕೇಳದೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಮುಖ್ಯಸ್ಥೆಗೆ ಹೇಳಿದೆ.

“ಪ್ರಾಬ್ಲಂ ಸಿಕ್ತು ಮೇಡಂ. ಮಷಿನ್ನಲ್ಲಿ ಏನೂ ತೊಂದ್ರೆ ಇಲ್ಲ. ಗೋಡೆ ಸ್ವಿಚ್ ಆಫ್ ಮಾಡಿ ಮಾಡಿ ಡಿಸ್ಕ್ ಹಾಳಾಗಿದೆ. ಇದು ಮಿಕ್ಸಿ ಅಲ್ವಲ್ಲ, ಟಪ್ ಅಂತ ಆರ್ಸೋಕೆ.”

ಮೂಲೆಯಲ್ಲಿ ಯಾರೋ ನಕ್ಕರು. ಕಾಕೂ ನಗಲಿಲ್ಲ. “ಇಲ್ಲ ತಮ್ಮಾ, ನಾ ಮೊದಲ ಆ ಗುಂಡಿ…” ಎಂದು ಶುರುಮಾಡಿದರು.

“ಇರ್ಲಿ ಬಿಡ್ರೀ ಕಾಕೂ,” ಎಂದು ನಾನು ಮಾತು ಕತ್ತರಿಸಿದೆ. “ನಮ್ಮ ಅವ್ವನೂ ಹಿಂಗ ಮಾಡ್ತಾಳ. ನಿಮ್ಮದೇನು ತಪ್ಪಿಲ್ಲ, ಗೊತ್ತಿರ್ಲಿಲ್ಲ ಅಷ್ಟ.” ಅದನ್ನು ದೊಡ್ಡ ಮನಸ್ಸಿನ ಮಾತೆಂದು ಆಗ ನಾನು ನಂಬಿದ್ದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಮುಖ್ಯಸ್ಥೆ ಕೆಟ್ಟವರಲ್ಲ. ಹಿಂದಿನ ದಿನದ ಅವಮಾನ ಅವರ ಮೇಲಿತ್ತು. “ಆಂಟಿ, ನಾಳೆಯಿಂದ ನೀವು ಅಷ್ಟು ಬೇಗ ಬರ್ಬೇಡಿ. ಓಪನ್ನು ಕ್ಲೋಸು ಇವ್ರು ನೋಡ್ಕೋತಾರೆ,” ಎಂದು ಪಕ್ಕದ ಮೇಜಿನ ಸಹಾಯಕನನ್ನು ತೋರಿಸಿದರು. “ಕೀ ಇವ್ರ ಹತ್ರ ಇರ್ಲಿ.”

ಕಾಕೂ ಸೊಂಟದ ರಿಂಗು ತೆಗೆದರು. ಕಚೇರಿಯ ಕೀಲಿಯನ್ನು ರಿಂಗಿನಿಂದ ಬಿಡಿಸಬೇಕಿತ್ತು. ಉಗುರಿಗೆ ತಂತಿ ಸಿಗದೆ ತುಂಬ ಹೊತ್ತು ಹಿಡಿಯಿತು. ನನ್ನ ಚೀಲದಲ್ಲಿ ಇಕ್ಕಳವಿತ್ತು, ತೆಗೆದು ಕೊಟ್ಟೆ. ಕೀಲಿ ಬಂತು.

ಇನ್ನು ಮೇಲೆ ಯಂತ್ರವನ್ನು ಆರಿಸಲೇಬೇಡಿ, ರಾತ್ರಿಯೆಲ್ಲ ಹಾಗೇ ಇರಲಿ, ತಾನೇ ನಿದ್ದೆ ಹೋಗುತ್ತದೆ ಎಂದು ಹೇಳಿದೆ. ಆರಿಸದಿದ್ದರೆ ಏಳುವ ಪ್ರಶ್ನೆಯೇ ಇಲ್ಲ. ಹನ್ನೊಂದು ನಿಮಿಷದ ರೋಗ ಕಾಣಿಸುವುದೂ ಇಲ್ಲ. ರಿಪೋರ್ಟಿನಲ್ಲಿ ‘ಬಳಕೆದಾರರ ತಪ್ಪು’ ಎಂದು ಬರೆದು ಮುಖ್ಯಸ್ಥೆಯ ಸಹಿ ಹಾಕಿಸಿಕೊಂಡೆ. ನಮ್ಮ ಗ್ಯಾರಂಟಿಗೂ ಇದಕ್ಕೂ ಸಂಬಂಧವಿಲ್ಲ ಎಂದಾಯಿತು. ಮಾಲೀಕರು ಬೆನ್ನು ತಟ್ಟಿದರು.

ಮೂರು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಶೆಡ್ಡಿನ ಕೆಟಲ್ ಕೆಟ್ಟಿತು.

ನಮ್ಮ ಶೆಡ್ಡಿನ ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ರಿಪೇರಿಯ ಸಾಲಿನಲ್ಲಿ ಯಾವಾಗಲೂ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳಿರುತ್ತವೆ. ಬೆಳಗ್ಗೆ ಬಂದವನೇ ಬಾಗಿಲ ಪಕ್ಕದ ಬೋರ್ಡಿನಲ್ಲಿ ಆ ಸಾಲಿನ ಒಂದೇ ಸ್ವಿಚ್ ಎತ್ತುತ್ತೇನೆ, ಎಲ್ಲವೂ ಒಟ್ಟಿಗೆ ಆನ್ ಆಗುತ್ತವೆ. ಹಿಂದಿನ ಕೋಣೆಗೆ ಹೋಗಿ ಚಹಾ ಮಾಡಿಕೊಂಡು, ಬಿಸ್ಕತ್ತು ಅದ್ದಿ ತಿಂದು, ಮನೆಗೊಂದು ಫೋನ್ ಮಾಡಿ ಬರುವಷ್ಟರಲ್ಲಿ ಎಲ್ಲ ಯಂತ್ರಗಳೂ ‘ಸಿದ್ಧ’ ಎಂದು ಕಾದಿರುತ್ತವೆ. ಯಾವುದು ಒಂದು ನಿಮಿಷಕ್ಕೆ ಎದ್ದಿತು, ಯಾವುದು ಹತ್ತು ನಿಮಿಷಕ್ಕೆ ಎದ್ದಿತು ಎಂದು ನೋಡಲು ಅಲ್ಲಿ ಯಾರೂ ಇರುವುದಿಲ್ಲ.

ಅಂದು ಚಹಾ ಇಲ್ಲದ್ದರಿಂದ ಸಾಲಿನ ಮುಂದೆಯೇ ನಿಂತಿದ್ದೆ. ಒಂದೊಂದೇ ಯಂತ್ರ ಗುರುಗುಟ್ಟಿ ಎದ್ದಿತು. ನಾಲ್ಕು ಮಾತ್ರ ಏಳಲಿಲ್ಲ. ‘ದಯವಿಟ್ಟು ಕಾಯಿರಿ.’ ಐದು ನಿಮಿಷ, ಏಳು ನಿಮಿಷ. ಅದರಲ್ಲೊಂದು ಕ್ರೋಯ್ಡನ್‌ಗೆ ಕಳಿಸಿದ ಯಂತ್ರದ ಜೋಡಿ: ಒಂದೇ ಲಾಟಿನಲ್ಲಿ ಬಂದದ್ದು, ಅದೇ ಮಾದರಿ, ಶೆಡ್ಡು ಬಿಟ್ಟು ಎಲ್ಲಿಗೂ ಹೋಗದೆ ನಾಲ್ಕು ತಿಂಗಳಿಂದ ಅಲ್ಲೇ ನಿಂತಿದ್ದದ್ದು. ಅದು ಎದ್ದದ್ದು ಹತ್ತೂವರೆ ನಿಮಿಷಕ್ಕೆ.

ನಾನು ನಿಧಾನವಾಗಿ ತಿರುಗಿ ಬೋರ್ಡು ನೋಡಿದೆ. ದಿನಾ ಸಂಜೆ ಕೋಟು ಹಾಕಿಕೊಂಡ ಮೇಲೆ, ಬಾಗಿಲು ದಾಟುವ ಮೊದಲು, ಅದೇ ಸ್ವಿಚ್ಚನ್ನು ಟಪ್ ಎಂದು ಇಳಿಸಿ ಹೋಗುವವನು ನಾನು. ಯಂತ್ರಗಳೆಲ್ಲ ಓಡುತ್ತಿರುವಾಗಲೇ. ಆರು ವರ್ಷದಿಂದ ಹಾಗೇ. ಆ ಯಂತ್ರಗಳಿಗೆ ಅಂಥದೊಂದು ಗುಂಡಿಯಿದೆ, ಅದನ್ನು ಒತ್ತಿ ಕಾಯಬೇಕು ಎಂದು ಗಿರಾಕಿಗಳಿಗೆ ಪಾಠ ಹೇಳುವಾಗ ನನ್ನ ಕೈಯ ಚಾಳಿ ನನಗೆ ನೆನಪೇ ಆಗಿರಲಿಲ್ಲ. ಅವ್ವನ ಅಭ್ಯಾಸ ಕ್ರೋಯ್ಡನ್‌ನಲ್ಲಿದೆ ಎಂದುಕೊಂಡಿದ್ದೆ, ಅದು ನನ್ನಲ್ಲಿತ್ತು.

ಆದರೂ ಮನಸ್ಸು ಒಂದು ಸಂದು ಹುಡುಕಿತು. ಡಿಸ್ಕ್ ನನ್ನಿಂದಲೇ ಕೆಟ್ಟಿರಬಹುದು, ಆದರೆ ಕಾಕೂ ಕೂಡ ಗೋಡೆ ಸ್ವಿಚ್ ಆರಿಸುತ್ತಿದ್ದರಲ್ಲ, ಅರ್ಧ ಪಾಲು ಅವರದ್ದೂ ಇರಬೇಕಲ್ಲ? ಮಾಮೂಲಿ ಸರ್ವಿಸ್ ಎಂಬ ನೆಪ ಹೇಳಿ, ಮರುದಿನ ಬೆಳಗ್ಗೆ ಹೊಸ ಡಿಸ್ಕ್ ತೆಗೆದುಕೊಂಡು ಹೊರಟೆ. ಸದ್ದಿಲ್ಲದೆ ಬದಲಿಸಿ ಬಂದುಬಿಡುವುದು ನನ್ನ ಯೋಜನೆಯಾಗಿತ್ತು.

ಲಿಫ್ಟಿನಿಂದ ಇಳಿದಾಗ ಎಂಟೂಮುಕ್ಕಾಲು. ಕಚೇರಿಯ ಬಾಗಿಲು ಇನ್ನೂ ಮುಚ್ಚಿತ್ತು. ಕಾಕೂ ಹೊರಗಿನ ಕಿಟಕಿಯ ಕಟ್ಟೆಯ ಮೇಲೆ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು. ಎಂಟಕ್ಕೆ ಬರುವ ರೂಢಿ ತಪ್ಪಲಿಲ್ಲವಂತೆ. ಕೀಲಿಯವನು ಬರುವವರೆಗೆ ದಿನಾ ಅಲ್ಲೇ ಕಾಯುತ್ತಾರಂತೆ.

“ಬರ್ರೀ,” ಎಂದರು. ತಮ್ಮಾ ಎನ್ನಲಿಲ್ಲ. “ಮತ್ತೇನಾರ ಆತೇನ್ರೀ ಮಷಿನ್ನಿಗೆ? ನಾ ಅದನ್ನ ಮುಟ್ಟಂಗನ ಇಲ್ರೀ ಈಗ. ಪ್ರತಿ ಬೇಕಾದ್ರ ಕೀಲಿ ಇದ್ದವರಿಗೇ ಹೇಳ್ತೀನಿ.”

“ಏನಿಲ್ಲ ಕಾಕೂ. ಸುಮ್ನ ಸರ್ವಿಸ್,” ಎಂದೆ.

ಕೀಲಿಯವನು ಬಂದು ಬಾಗಿಲು ತೆರೆದ. ಡಿಸ್ಕ್ ಬದಲಿಸುವ ಮುನ್ನ ಯಂತ್ರದ ಎಲ್ಲ ಸೆಟ್ಟಿಂಗುಗಳನ್ನೂ ಅಚ್ಚು ತೆಗೆದಿಟ್ಟುಕೊಳ್ಳಬೇಕು. ಅದು ನಿಯಮ. ಒಟ್ಟು ಹದಿನಾಲ್ಕು ಹಾಳೆ. ಹನ್ನೆರಡನೆಯ ಹಾಳೆ ಕರೆಂಟಿನ ದಾಖಲೆ: ಯಂತ್ರ ಯಾವ ದಿನ, ಎಷ್ಟು ಗಂಟೆಗೆ ಆರಿತು, ಸರಿಯಾಗಿ ಆರಿತೋ ಅಥವಾ ಓಡುತ್ತಿರುವಾಗಲೇ ಕರೆಂಟ್ ಹೋಯಿತೋ ಎಂದು ಅದು ಡಿಸ್ಕಿನಲ್ಲಲ್ಲ, ಬೇರೆ ಕಡೆ ಬರೆದಿಟ್ಟುಕೊಂಡಿರುತ್ತದೆ. ಎರಡನೆಯ ಭೇಟಿಯಲ್ಲಿ ನಾನು ದೋಷಗಳ ಪಟ್ಟಿಯನ್ನಷ್ಟೇ ನೋಡಿ, ಈ ಹಾಳೆಯನ್ನು ತೆಗೆಯುವ ಗೋಜಿಗೇ ಹೋಗಿರಲಿಲ್ಲ.

ಹಾಳೆಯ ಮೇಲಿನ ಅರ್ಧದ ತುಂಬ ಒಂದೇ ಗುರುತು: ‘ಅಸಹಜ.’ ದಿನದ ಕೊನೆಗೊಂದು, ಹೆಚ್ಚೂಕಡಿಮೆ ಒಂದೇ ಹೊತ್ತಿಗೆ, ಐದೂವರೆಯ ಆಸುಪಾಸು. ನಾನು ಕೋಟು ಹಾಕಿಕೊಳ್ಳುವ ಹೊತ್ತು. ಯಂತ್ರ ಕ್ರೋಯ್ಡನ್‌ಗೆ ಬಂದ ದಿನ ಆ ಗುರುತು ನಿಂತುಹೋಗಿತ್ತು. ಅಲ್ಲಿಂದ ಕೆಳಗೆ, ನಾನು ಬಂದು ಆರಿಸಬೇಡಿ ಎಂದು ಹೇಳಿದ ದಿನದವರೆಗೆ, ಪ್ರತಿ ಸಂಜೆ ‘ಸಹಜ.’ ಒಂದೇ ಒಂದು ಸಾಲೂ ತಪ್ಪಿರಲಿಲ್ಲ. ಪ್ರತಿ ಸಂಜೆ ಯಾರೋ ಗುಂಡಿ ಒತ್ತಿ, ದೀಪ ಆರುವವರೆಗೆ ಕಾದು, ಮುಂದಿನ ಬಾಗಿಲು ತೆರೆದು ಮುಖ್ಯ ಸ್ವಿಚ್ ಆರಿಸಿ, ಆಮೇಲೆ ಗೋಡೆಯ ಸ್ವಿಚ್ಚಿಗೆ ಕೈ ಹಾಕಿದ್ದರು. ಯಾರೋ ಅಂದರೆ ಕಾಕೂ. ಆ ದಿನ ಅವರು ಹೇಳಹೊರಟಿದ್ದು ಅದನ್ನೇ.

ಕಾಕೂ ನಾಲ್ಕು ಹೆಜ್ಜೆ ದೂರದಲ್ಲಿ ಯಾರಿಗೋ ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಕೊಡುತ್ತಿದ್ದರು. ಫೋನ್ ಇಟ್ಟು ನನ್ನ ಕಡೆ ನೋಡಿ ಕೇಳಿದರು: “ನನ್ನ ಕಡಿಂದ ಏನಾರ ಇನ್ನೂ ಕೆಟ್ಟಿತ್ತೇನ್ರೀ?”

“ಇಲ್ಲ ಇಲ್ಲ. ಎಲ್ಲಾ ಸರಿ ಐತಿ,” ಎಂದು ಹೇಳಿ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದೆ. ಡಿಸ್ಕ್ ಬದಲಿಸಿದೆ. ಐವತ್ತೆಂಟು ಸೆಕೆಂಡಿಗೆ ಯಂತ್ರ ಎದ್ದಿತು. ಮುಖ್ಯಸ್ಥೆ ಥ್ಯಾಂಕ್ಸ್ ಹೇಳಿದರು. ಆ ಥ್ಯಾಂಕ್ಸ್ ಕೂಡ ತೆಗೆದುಕೊಂಡು ಬಂದೆ. ಮೊದಲನೆಯದು ಅವಸರದಲ್ಲಿ ಆದ ತಪ್ಪು ಎಂದು ಬೇಕಾದರೆ ಹೇಳಿಕೊಳ್ಳಬಹುದು. ಇದನ್ನು ಗೊತ್ತಿದ್ದೂ ಮಾಡಿದೆ.

ಮಾಲೀಕರಿಗೆ ಎಲ್ಲ ಹೇಳಿದೆ. ಅವರು ಸಮಾಧಾನದ ಮನುಷ್ಯ. ಡಿಸ್ಕ್ ಹಾಕಿದ್ದಾಯಿತು, ಯಂತ್ರ ಏಳುತ್ತಿದೆ, ಗಿರಾಕಿಗೆ ದೂರಿಲ್ಲ, ಮುಗಿದದ್ದನ್ನು ಯಾಕೆ ಕೆದಕುತ್ತೀಯ ಎಂದರು. ಅವರ ಮಾತಿನಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ಎರಡು ದಿನ ಅದನ್ನೇ ಹಿಡಿದುಕೊಂಡು ಓಡಾಡಿದೆ.

ಶುಕ್ರವಾರ ಸಂಜೆ ಕೋಟು ಹಾಕಿಕೊಂಡು ಬೋರ್ಡಿನ ಮುಂದೆ ನಿಂತಾಗ ಕೈ ತಾನಾಗಿ ಮೇಲೆ ಹೋಯಿತು. ಅಲ್ಲೇ ತಡೆದೆ. ವಾಪಸು ಬಂದು ಸಾಲಿನ ಮೊದಲ ಯಂತ್ರದ ಗುಂಡಿ ಒತ್ತಿ ಹಿಡಿದೆ. ದೀಪ ಆರಲು ಒಂದೂವರೆ ನಿಮಿಷ. ಮುಂದಿನ ಬಾಗಿಲು, ಮುಖ್ಯ ಸ್ವಿಚ್. ಎರಡನೆಯದಕ್ಕೆ ಹೋದೆ. ಇಪ್ಪತ್ತೆರಡು ಯಂತ್ರಗಳನ್ನು ಹಾಗೆ ಆರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಆ ಒಂದೂವರೆ ನಿಮಿಷ ಬಲು ಉದ್ದ. ಮಾಡಲು ಏನೂ ಇರುವುದಿಲ್ಲ, ದೀಪ ನೋಡುತ್ತ ನಿಲ್ಲಬೇಕು. ಮನೆಗೆ ಹೋಗುವ ಅವಸರದಲ್ಲಿ ದಿನಾ ಹಾಗೆ ನಿಲ್ಲುತ್ತಿದ್ದ ಒಬ್ಬರ ಕೀಲಿಯನ್ನು ನಾನು ಇಕ್ಕಳ ಕೊಟ್ಟು ಬಿಚ್ಚಿಸಿದ್ದೆ. ಹತ್ತನೆಯದೋ ಹನ್ನೊಂದನೆಯದೋ ಯಂತ್ರದ ಮುಂದೆ ನಿಂತಿದ್ದಾಗ, ಸೋಮವಾರ ಹೋಗಿ ಹೇಳಿಬಿಡಬೇಕೆಂದು ನಿರ್ಧಾರವಾಯಿತು. ಫೋನಿನಲ್ಲಿ ಅಲ್ಲ. ಅದೇ ಕೋಣೆಯಲ್ಲಿ, ಅದೇ ಐದು ಮಂದಿಯ ಮುಂದೆ.

ಸೋಮವಾರ ಹೋದಾಗ ಎಲ್ಲರೂ ಇದ್ದರು. ಮುಖ್ಯಸ್ಥೆಯ ಬಳಿ ಐದು ನಿಮಿಷ ಕೇಳಿದೆ. ನಾಲ್ಕು ಮಡಿಕೆಯ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ, ಯಾವ ಸಾಲು ಶೆಡ್ಡಿನದು, ಯಾವ ಸಾಲು ಈ ಕಚೇರಿಯದು ಎಂದು ಬೆರಳಿಟ್ಟು ತೋರಿಸಿದೆ.

“ಡಿಸ್ಕ್ ಹಾಳು ಮಾಡಿದ್ದು ನಾನು ಮೇಡಂ,” ಎಂದೆ. “ಇಲ್ಲಿಗೆ ಬರೋ ಮೊದ್ಲೇ ಹಾಳಾಗಿತ್ತು. ಇವ್ರು ಒಂದು ದಿನಾನೂ ತಪ್ಪಾಗಿ ಆಫ್ ಮಾಡಿಲ್ಲ. ನಾನು ಇವ್ರನ್ನ ಕೇಳ್ಲೇ ಇಲ್ಲ. ಹೇಳೋಕೆ ಬಂದ್ರೂ ಕೇಳಿಸ್ಕೊಳ್ಳಲಿಲ್ಲ.”

ಹಳೇ ರಿಪೋರ್ಟಿನ ಬದಲಿಗೆ ಹೊಸದು ಬರೆದು ತಂದಿದ್ದೆ. ‘ಸಿದ್ಧಪಡಿಸಿದವರ ತಪ್ಪು’ ಎಂಬ ಸಾಲಿನ ಕೆಳಗೆ ನನ್ನ ಸಹಿ ಹಾಕಿದ್ದೆ. ಮುಖ್ಯಸ್ಥೆ ಅದನ್ನು ಓದಿ, ಅಚ್ಚಿನ ಹಾಳೆಯನ್ನು ನೋಡಿ, ಅದರ ಮೇಲಿದ್ದ ತಾರೀಖು ನೋಡಿದರು.

“ಇದನ್ನ ಹೋದ ವಾರಾನೇ ಪ್ರಿಂಟ್ ತೆಗ್ದಿದೀರ,” ಎಂದರು.

“ಹೌದು ಮೇಡಂ.”

“ಆವತ್ತೇ ಗೊತ್ತಿತ್ತು.”

“ಗೊತ್ತಿತ್ತು.”

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಸಹಾಯಕನ ಕಡೆ ಕೈ ಚಾಚಿ ಕೀಲಿ ಇಸಿದುಕೊಂಡು, ಎದ್ದು ಹೋಗಿ ಕಾಕೂ ಅವರ ಮೇಜಿನ ಮೇಲೆ ಇಟ್ಟರು. “ಸಾರಿ ಆಂಟಿ. ನಾನೂ ನಿಮ್ಮನ್ನ ಒಂದ್ಮಾತು ಕೇಳ್ಬೇಕಿತ್ತು,” ಎಂದರು.

ಕಾಕೂ ಕೀಲಿ ಎತ್ತಿಕೊಳ್ಳಲಿಲ್ಲ. ನನ್ನ ಹಾಳೆಯನ್ನು ಕೇಳಿ ಪಡೆದು, ಕನ್ನಡಕ ಹಾಕಿಕೊಂಡು, ‘ಸಹಜ’ ಎಂಬ ಗುರುತುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು.

“ಗುಂಡಿ ಒತ್ತತಿದ್ದೆ ಅಂತ ನನಗ ನೆನಪಿತ್ತರೀ,” ಎಂದರು ಆಮೇಲೆ. “ನೀವು ಮಷಿನ್ ತಂದ ದಿನಾನ ತೋರಿಸಿಕೊಟ್ಟಿದ್ದಿರಿ, ನಾ ಚೀಟಿ ಬರಕೊಂಡಿದ್ದೆ. ಆದ್ರ ನೀವು ಮಷಿನ್ ಕೆಲಸಾ ಕಲ್ತವ್ರು. ಅಷ್ಟು ಗಟ್ಟಿಯಾಗಿ ಹೇಳಿದ ಮ್ಯಾಲೆ ನಾನ ಮರತಿರಬೇಕು ಅಂದ್ಕೊಂಡೆ. ಮರತದ್ದು ಸೈತ ನೆನಪಿಲ್ಲಾ ಅಂದ್ರ ನನ್ನ ತಲೀನ ಕೆಟ್ಟದ ಅಂದ್ಕೊಂಡೆ.”

ಅವರು ದನಿ ಏರಿಸದೆ ಮುಂದುವರಿಸಿದರು. ಮನೆಯಲ್ಲಿ ಯಜಮಾನರಿಗೆ ಹೇಳಿದರಂತೆ. ಅವರು ಡಾಕ್ಟರು, ಸುಮ್ಮನಿರುತ್ತಾರೆಯೇ? ರಾತ್ರಿ ಊಟಕ್ಕೆ ಕೂತಾಗ ಇವತ್ತು ಯಾವ ವಾರ, ಯಾವ ತಾರೀಖು ಎಂದು ಕೇಳತೊಡಗಿದರಂತೆ. “ನೂರರಾಗ ಏಳು ಕಳಿ, ಮತ್ತ ಏಳು ಕಳಿ ಅಂತಾರ್ರೀ. ತುತ್ತು ಬಾಯಾಗಿಟ್ಕೊಂಡು ನಾ ಲೆಕ್ಕಾ ಮಾಡೂದು. ಅಂಜಿಕಿಗೆ ಅದೂ ತಪ್ಪತದ. ತಪ್ಪಿದ್ರ ಅವರ ಮಾರಿ ನೋಡಲಾರೆ.” ಜಿಪಿ, ಅಂದರೆ ಬಡಾವಣೆಯ ಡಾಕ್ಟರ ಹತ್ತಿರ ನೆನಪಿನ ಪರೀಕ್ಷೆಗೆ ಹೆಸರು ಬರೆಸಿ ಬಂದಿದ್ದರಂತೆ. ಗುರುವಾರ ಹತ್ತು ಗಂಟೆಗೆ ಬರಲು ಹೇಳಿದ್ದಾರಂತೆ.

ಒಂದು ಕೀಲಿ ಕಿತ್ತುಕೊಂಡೆ ಎಂದು ನಾನು ಅಳುಕುತ್ತ ಬಂದಿದ್ದೆ. ಮೂರೂವರೆ ವಾರದಿಂದ ಈಕೆ ಪ್ರತಿ ರಾತ್ರಿ ಅನ್ನದ ತಟ್ಟೆಯ ಮುಂದೆ ಪರೀಕ್ಷೆ ಕೊಡುತ್ತಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ತಲೆ ಎತ್ತಲಾಗಲಿಲ್ಲ. “ತಪ್ಪಾತ್ರೀ ಕಾಕೂ,” ಎಂದೆ.

“ಈ ಹಾಳಿ ನಾ ಇಟ್ಕೊಳ್ಳೇನ್ರೀ? ಮನ್ಯಾಗ ತೋರಸತೀನಿ,” ಎಂದರು. ಹೂಂ ಎಂದೆ. ಅದನ್ನು ನನ್ನ ಹಳೆಯ ಮಡಿಕೆಗಳ ಗುಂಟವೇ ಮಡಚಿ ಚೀಲಕ್ಕೆ ಹಾಕಿಕೊಂಡು ಕೇಳಿದರು: “ಹಂಗಾದ್ರ ಗುರುವಾರ ನಾ ಹೋಗೂದು ಬ್ಯಾಡಲ್ರೀ?”

“ಬ್ಯಾಡ್ರೀ ಕಾಕೂ. ನಿಮ್ಮ ನೆನಪು ಛಲೋ ಐತಿ. ಏನೂ ಆಗಿಲ್ಲ ನಿಮಗ.”

ಅವರು ಕನ್ನಡಕ ತೆಗೆದು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಸಿಟ್ಟಿನ ನೋಟವೇನಲ್ಲ.

“ಆವತ್ತೂ ನೀವು ಹಿಂಗ ಗಟ್ಟಿಯಾಗೇ ಹೇಳಿದ್ರಿ,” ಎಂದರು. ಆಮೇಲೆ ಮೇಜಿನ ಮೇಲಿನ ಕೀಲಿಯನ್ನು ಒಂದು ಬೆರಳಿನಿಂದ ಮುಖ್ಯಸ್ಥೆಯ ಕಡೆಗೆ ಸರಿಸಿದರು. “ಇದು ನಿಮ್ಮ ಕಡೇನ ಇರಲಿ. ಗುರುವಾರ ಹೋಗಿ ಬರ್ತೀನಿ, ಡಾಕ್ಟರು ಏನಂತಾರ ಕೇಳೋಣು. ಆಮ್ಯಾಲೆ ಕೊಡ್ರಿ.”